ಪಾಸ್‌ಪೋರ್ಟಿಗೆ ಬೇಕಾದ ಅಪ್ಪ

ಬಹರೇನಿನಿಂದ ಅಮ್ಮ ನನ್ನನ್ನು ಕರೆದೊಯ್ಯಲು ಬಂದಾಗ ನನಗೆ ಹನ್ನೆರಡು ವರ್ಷ. ನಾಲ್ಕು ವರ್ಷದವಳಿದ್ದಾಗ ನನ್ನನ್ನು ನಾಸಿಕದಲ್ಲಿ ತನ್ನ ಅಣ್ಣನ ಬಳಿ ಬಿಟ್ಟು ಅಪ್ಪನ ಜೊತೆ ಹೋದವಳು ಅವಳು. ಅಲ್ಲಿನ ಪಂಚವಟಿಯಲ್ಲಿ ಮಾವನದು ಇಡ್ಲಿ, ದೋಸೆಯ ಹೋಟೆಲು. ಮಾವ ಅತ್ತೆಗೆ ಮಕ್ಕಳಿರಲಿಲ್ಲ. ಹೋಟೆಲಿನ ಮೇಲಿದ್ದ ನಮ್ಮ ಎರಡು ಕೋಣೆಯ ಮನೆಗೆ ನಾನೇ ರಾಣಿ. ಗಲ್ಲಾದ ಮೇಲೆ ಕೂತ ಮಾವನನ್ನು ಗಿರಾಕಿಗಳೆದುರೇ ಗದರಿಸಿ ಊಟಕ್ಕೆ ಎಬ್ಬಿಸುತ್ತಿದ್ದೆ. ಅಷ್ಟು ಸಲಿಗೆ!

ಅಮ್ಮನ ಪಾಸ್‌ಪೋರ್ಟಿನಲ್ಲಿ ನನ್ನ ಹೆಸರು ಸೇರಿಸಿದರೆ ಸಾಕು ಎಂದು ಪಾಸ್‌ಪೋರ್ಟ್ ಕಚೇರಿಯಲ್ಲಿ ಹೇಳಿದ್ದರು. ಆದರೆ ನಾನು ಅವಳ ಮಗಳೆಂದು ತೋರಿಸಲು ಕಾಗದ ಬೇಕಲ್ಲ! ನಾನು ಹುಟ್ಟಿದ್ದು ಕುಂದಾಪುರದ ಕಡೆಯ ಅಜ್ಜಿಮನೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿ. ಅಂಥ ಹುಟ್ಟನ್ನು ಕಚೇರಿಗೆ ಹೋಗಿ ಯಾರು ಬರೆಸುತ್ತಾರೆ? ಶಾಲೆಯ ಪ್ರಮಾಣಪತ್ರ ಕಳಿಸಿದರೆ ಬೊಂಬಾಯಿಯ ಕಚೇರಿಯವರು ಅರ್ಜಿಯನ್ನೇ ವಾಪಸು ಮಾಡಿದರು. ಅದರಲ್ಲಿ ತಂದೆಯ ಜಾಗದಲ್ಲಿ ಮಾವನ ಹೆಸರಿತ್ತು.

ನಮ್ಮದು ಅಳಿಯಸಂತಾನದ ಮನೆತನ. ಮಕ್ಕಳು ತಾಯಿಮನೆಗೆ ಸೇರಿದವರು, ಅವರಿಗೆ ಹಿರಿಯನೆಂದರೆ ಸೋದರಮಾವ. ಮಹಾರಾಷ್ಟ್ರದಲ್ಲಿ ಮಗುವಿನ ಹೆಸರಿನ ಪಕ್ಕ ತಂದೆಯ ಹೆಸರು ಬರೆಯುತ್ತಾರೆ. ಶಾಲೆಗೆ ಸೇರಿಸುವಾಗ ಮಾಸ್ತರರು ಪಕ್ಕದಲ್ಲಿ ಯಾರ ಹೆಸರು ಎಂದು ಕೇಳಿದರಂತೆ. ಮನೆಯ ಯಜಮಾನನ ಹೆಸರು ತಾನೇ ಎಂದು ಮಾವ ತಮ್ಮದನ್ನೇ ಹೇಳಿದರು. ಊರಲ್ಲಾಗಿದ್ದರೆ ಯಾರೂ ಹುಬ್ಬೇರಿಸುತ್ತಿರಲಿಲ್ಲ.

"ಎಂತ ಮಾಡಿಟ್ಟಿದ್ದೆ ಅಣ್ಣ ನೀನು!" ಅಮ್ಮ ತಲೆ ಚಚ್ಚಿಕೊಂಡಳು.

ಮಾವ ಮ್ಯಾಜಿಸ್ಟ್ರೇಟರ ಮುಂದೆ, ಈ ಹುಡುಗಿ ನನ್ನ ಮಗಳಲ್ಲ, ತಂಗಿಯ ಮಗಳು, ಕಳಿಸಲು ನನ್ನ ಅಡ್ಡಿಯಿಲ್ಲ ಎಂದು ಪ್ರಮಾಣ ಮಾಡಬೇಕು ಎಂದರು ವಕೀಲರು. ನನಗೆ ಒಳಗೊಳಗೇ ಖುಷಿ. ನನಗೆ ಹೋಗುವ ಮನಸ್ಸೇ ಇರಲಿಲ್ಲ. ಅಮ್ಮ ಎಂದರೆ ನನಗೆ ರಜೆಗೆ ಬಂದು ಹೋಗುವ, ಅತ್ತರಿನ ವಾಸನೆಯ ಹೆಂಗಸು. ನನ್ನನ್ನೂ ಕೇಳಿಯೇ ಕೇಳುತ್ತಾರೆ, ಆಗ ಇವರೇ ನನ್ನಪ್ಪ ಎಂದುಬಿಡುತ್ತೇನೆ, ಆಮೇಲೆ ಯಾರು ಕರೆದೊಯ್ಯುತ್ತಾರೋ ನೋಡೋಣ ಎಂದು ಹಠ ಕಟ್ಟಿಕೊಂಡು ಕೋರ್ಟಿಗೆ ಹೋದೆ.

ಮ್ಯಾಜಿಸ್ಟ್ರೇಟರು ಮಾವನನ್ನು ಮರಾಠಿಯಲ್ಲಿ ಕೇಳಿದರು. ಈಕೆ ನಿಮ್ಮ ಮಗಳೇ? ಅಲ್ಲ ಎಂದರು ಮಾವ. ಹಾಗಾದರೆ ನಿಮಗೆ ಮಕ್ಕಳೆಷ್ಟು?

"ಇಲ್ಲ ಸಾಹೇಬ. ನನಗೆ ಮಕ್ಕಳಿಲ್ಲ."

ದಿನವೂ ನನ್ನ ಜಡೆ ಬಿಗಿಯಾಯಿತೋ ಸಡಿಲವಾಯಿತೋ ಎಂದು ಅತ್ತೆಯ ಜೊತೆ ಜಗಳಾಡುತ್ತಿದ್ದ ಮನುಷ್ಯ! ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಆಗಲೇ ಮ್ಯಾಜಿಸ್ಟ್ರೇಟರು ಮೆಲ್ಲಗೆ ನನ್ನನ್ನು ಕೇಳಿದರು, "ನೀನು ಹೇಳಮ್ಮ, ಇವರು ನಿನಗೆ ಯಾರು?"

"ಮಾಮಾ," ಎಂದೆ. ಇಡೀ ಕೋಣೆಗೆ ಕೇಳುವಷ್ಟು ಜೋರಾಗಿ.

ಮಾವ ಸಹಿ ಹಾಕಿದರು. ಮುದ್ರೆ ಬಿತ್ತು. ಅಮ್ಮ ವಕೀಲರ ಹಿಂದೆ ಓಡಿದಳು. ಹೊರಗೆ ಬೇವಿನ ಮರದ ಕೆಳಗೆ ನಾನು ಮುಖ ತಿರುಗಿಸಿಕೊಂಡು ನಿಂತೆ. ಮಾವ ಬಂದು ಪಕ್ಕದಲ್ಲಿ ನಿಂತರು.

"ಸಿಟ್ಟಾ ಹೆಣ್ಣೆ?"

ಅವರು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು.

"ನೀ ಎಲ್ಲಿ ಅಪ್ಪ ಅಂತ ಹೇಳ್ತ್ಯೋ ಅಂತ ಹೆದರಿಕೆ ಆಯ್ತ್," ಎಂದರು. "ಹಂಗೆ ಹೇಳಿದ್ರೆ ನಂಗೆ ಸಹಿ ಹಾಕುಕೆ ಆತಿರ್ಲಿಲ್ಲ."

ಅಷ್ಟರಲ್ಲಿ ಅಮ್ಮ ಕಾಗದ ಹಿಡಿದುಕೊಂಡು ನಗುತ್ತ ಬಂದಳು.