ಶಾಂತಾ ಹೊರಗೆ ಉಂಡ ಭಾನುವಾರ

ಗುಜರಾತಿನ ಬಡೋದೆಗೆ ವರ್ಗವಾಗಿ ಬಂದ ಐದು ವರ್ಷಗಳಲ್ಲಿ ಶಾಂತಾ ಅಲ್ಲಿಯ ಒಂದು ಖಾನಾವಳಿಯ ಹೊಸ್ತಿಲನ್ನೂ ದಾಟಿರಲಿಲ್ಲ. ಗಂಡ ಶ್ರೀಪಾದ ರೈಲ್ವೆಯಲ್ಲಿ ಗುಮಾಸ್ತ. ಸೂರತ್ತು, ಅಹಮದಾಬಾದು ಎಂದು ಓಡಾಡುವ ತಮ್ಮೂರು ಧಾರವಾಡದವರೆಲ್ಲ ನಡುವೆ ಅವರ ಕ್ವಾರ್ಟರ್ಸಿಗೆ ಇಳಿಯುವವರೇ. ಎಲ್ಲರದೂ ಒಂದೇ ರಾಗ: ಇಲ್ಲಿಯವರು ಬೇಳೆಗೂ ಬೆಲ್ಲ ಹಾಕ್ತಾರ, ಬಾಯಿ ಕೆಟ್ಟುಹೋಗ್ಯದ, ಒಂದಿಷ್ಟು ಸಾರು ಮಾಡವಾ. ಶಾಂತಾ ಮಾಡುತ್ತಿದ್ದಳು. ಅವರು ಉಂಡು ತೇಗಿ ಅಡ್ಡಾದ ಮೇಲೆ ತಳದಲ್ಲಿ ಉಳಿದದ್ದನ್ನು ತಾನು ಬಡಿಸಿಕೊಳ್ಳುತ್ತಿದ್ದಳು. ಊರು ನೋಡಲು ಬಂದವರು ಅವಳ ಕೈಯಡುಗೆ ನೋಡಿಕೊಂಡು ಹೋಗುತ್ತಿದ್ದರು, ಅಷ್ಟೆ.

ಅರವತ್ನಾಲ್ಕರ ಡಿಸೆಂಬರಿನಲ್ಲಿ ಶ್ರೀಪಾದನ ಅಣ್ಣ ಕೇಶವರಾಯರು ಬಂದರು. ಎಂಟು ದಿನ ಶಾಂತಾ ಎರಡು ಹೊತ್ತೂ ಬೇಯಿಸಿ ಹಾಕಿದಳು. ಒಂಬತ್ತನೆಯ ದಿನ, ಭಾನುವಾರ, ಶ್ರೀಪಾದನಿಗೆ ಏನನ್ನಿಸಿತೋ, "ಇವತ್ತು ಒಲಿ ಹಚ್ಚಬ್ಯಾಡ, ಹೊರಗ ಉಣ್ಣೋಣ" ಎಂದ. ಶಾಂತಾ ಇಳಕಲ್ ಸೀರೆ ಉಟ್ಟಳು. ಬೆಳಿಗ್ಗೆ ಬರೀ ಚಹಾ ಕುಡಿದು ಹಸಿವನ್ನು ಹಾಗೇ ಇಟ್ಟುಕೊಂಡಳು.

ಸೂರಸಾಗರ ಕೆರೆಯ ಬಳಿ ಮೊದಲ ಖಾನಾವಳಿಯ ಬಾಗಿಲಲ್ಲೇ ಭಾವನವರು ನಿಂತು, ಬೇಳೆಗೆ ಬೆಲ್ಲ ಹಾಕುತ್ತೀರೇನು ಎಂದು ಹಿಂದಿಯಲ್ಲಿ ವಿಚಾರಿಸಿದರು. ಹಾಕದೆ ಇರುತ್ತೇವೆಯೇ ಎಂದು ಒಳಗಿನವನು ಹೆಮ್ಮೆಯಿಂದ ಹೇಳಿದ. ಭಾವನವರು ಹೊರಳಿದರು. ಎರಡನೆಯದರಲ್ಲೂ ಅದೇ ಕಥೆ. ಮೂರನೆಯದರಲ್ಲಿ ಮಜ್ಜಿಗೆಯ ಕಢಿಗೂ ಸಕ್ಕರೆಯಂತೆ. ಗುಜರಾತಿನಲ್ಲಿ ನಿಂತು ಬೆಲ್ಲವಿಲ್ಲದ ಬೇಳೆ ಹುಡುಕುವ ಈ ಮನುಷ್ಯನಿಗೆ ಏನನ್ನಬೇಕು? ಶಾಂತಾಳಿಗೆ ಮೈಯೆಲ್ಲ ಉರಿಯಿತು. ಗಂಡನಾದರೂ ಒಂದು ಮಾತಾಡಬೇಕಲ್ಲ. ಅವನು ಅಣ್ಣನ ಹಿಂದೆ ಬಾಲದ ಹಾಗೆ ತಿರುಗುತ್ತಿದ್ದ.

ಮಾಂಡ್ವಿ ದರವಾಜೆಯ ಹತ್ತಿರ ನಾಲ್ಕನೆಯ ಖಾನಾವಳಿಯ ಬಾಗಿಲಲ್ಲಿ ಕೇಶವರಾಯರು ಕೈಚೆಲ್ಲಿದರು. "ಶ್ರೀಪಾದಾ, ಸುಮ್ಮನ ಮನಿಗೆ ಹೋಗೋಣ. ಶಾಂತಾ ಹತ್ತು ನಿಮಿಷದಾಗ ಅನ್ನ-ಸಾರು ಮಾಡಿಬಿಡ್ತಾಳ."

"ಹೌದು, ಆಕಿಗೇನು ಹೊತ್ತಾಗ್ತದ" ಎಂದ ಶ್ರೀಪಾದ.

ಶಾಂತಾ ಚಪ್ಪಲಿ ಬಿಟ್ಟಳು, ಒಳಗೆ ಹೋಗಿ ಮಣೆಯ ಮೇಲೆ ಕೂತುಬಿಟ್ಟಳು.

ಶ್ರೀಪಾದ ಹಿಂದೆಯೇ ಓಡಿಬಂದ. "ಅಣ್ಣ ಹೊರಗ ನಿಂತಾನ. ಏನ ನಡಿಸಿದಿ ಇದು?"

"ಮನ್ಯಾಗ ಡಬ್ಬ್ಯಾಗ ಅವಲಕ್ಕಿ ಅದ, ಚಟ್ನಿಪುಡಿ ಅದ. ಕಲಸಿ ಕೊಡ್ರಿ ಅವರಿಗೆ. ನಾ ಉಂಡು ಬರ್ತೀನಿ."

ಹನ್ನೊಂದು ವರ್ಷದ ಸಂಸಾರದಲ್ಲಿ ಭಾವನವರಿಗಿಂತ ಮೊದಲು ಅವಳು ತುತ್ತು ಎತ್ತಿದ್ದೇ ಇಲ್ಲ. ಶ್ರೀಪಾದ ಬಾಗಿಲ ಕಡೆ ನೋಡಿದ, ಅವಳ ಕಡೆ ನೋಡಿದ, ಕೊನೆಗೆ ಅಣ್ಣನ ಕಡೆಗೇ ನಡೆದ. ಹೋದರೆ ಹೋಗಲಿ.

ತಟ್ಟೆ ಬಂತು. ಬೇಳೆ ಪಾಯಸದಷ್ಟು ಸಿಹಿ. ಭಾವನವರು ಹೇಳಿದ್ದು ಸುಳ್ಳಲ್ಲ, ಅವಳಿಗೂ ಅದು ಸೇರಲಿಲ್ಲ. ಅದಕ್ಕೂ ಅವಳಿಗೆ ಸಿಟ್ಟು ಬಂತು. ಅಷ್ಟರಲ್ಲಿ ಬಡಿಸುವವನು, ಇಲ್ಲಿಯವರು ಮಹಾರಾಜ ಎಂದು ಕರೆಯುವ ತಲೆ ನರೆತ ಅಡುಗೆಯವನು, ತುಪ್ಪ ಸವರಿದ ರೊಟ್ಟಿ ಹಿಡಿದು ಎದುರಿಗೆ ಬಾಗಿದ.

"ಇನ್ನೊಂದು ತಗೊಳ್ಳಿ, ಬೆಹನ್. ಹಸಿದಿದ್ದೀರಿ. ನಿಧಾನಕ್ಕೆ ಉಣ್ಣಿ."

ಇನ್ನೊಂದು ಹಾಕಲಾ ಎಂದು ಅವಳು ಎಷ್ಟು ಎಲೆಗಳ ಮುಂದೆ ಬಾಗಿದ್ದಳೋ ಲೆಕ್ಕವಿಲ್ಲ. ಅವಳ ಎಲೆಯ ಮುಂದೆ ಯಾರೂ ಬಾಗಿರಲಿಲ್ಲ. ಬೇಡ ಎನ್ನುವುದು ಅವಳಿಗೆ ರೂಢಿ, ಆದರೆ ಆ ಹೊತ್ತು ಅದು ಬಾಯಿಗೆ ಬರಲಿಲ್ಲ.

ರೊಟ್ಟಿ ಹಾಕಿಸಿಕೊಂಡಳು. ಆಮೇಲೆ ಆ ಸಿಹಿ ಬೇಳೆಯನ್ನೂ ಎರಡನೆಯ ಸಲ ತಾನೇ ಕೇಳಿ ಹಾಕಿಸಿಕೊಂಡಳು.