ಸಂಬಳ ಕೇಳುತ್ತಾ ಹತ್ತೊಂಬತ್ತು ವರ್ಷ

ಬೆಳಗಿನ ಐದೂವರೆ. ಟ್ರಿನಿಡಾಡಿನ ಕೂವಾ ಪೇಟೆಯ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಸುಮಿಂತ್ರಾ ರಾಮ್‌ಕಿಸೂನ್ ಫಾರಂಗಳ ಕಟ್ಟನ್ನು ಕಂಕುಳಲ್ಲಿ ಅವುಚಿಕೊಂಡು ಗಾಡಿಯ ಡಬಲ್ಸ್, ಅಂದರೆ ಕಡಲೆ ಪಲ್ಯ ತುಂಬಿದ ಮೆತ್ತನೆಯ ರೊಟ್ಟಿ, ತಿನ್ನುತ್ತಿದ್ದಾರೆ. "ಖಾರ ಕಮ್ಮಿ ಹಾಕಪ್ಪ, ಇವತ್ತು ಹನ್ನೊಂದು ಕಡೆ ಬಾಯಿ ಬಿಡ್ಬೇಕು."

"ಊರವರ ಸಂಬಳ ಕೇಳೋ ಬಾಯಿಗೆ ಖಾರ ಏನ್ಮಾಡುತ್ತೆ, ಟಾಂಟೀ?" ಡಬಲ್ಸ್ ಗಾಡಿಯವನು ಚಿಕ್ಕಮ್ಮನನ್ನು ಕರೆಯುವಂತೆ ಕರೆದು ಛೇಡಿಸುತ್ತಾನೆ.

ಸರ್ಕಾರದ ಅಂಕಿಅಂಶ ಕಚೇರಿಗೆ ಫಾರಂ ತುಂಬಿ ಕೊಡುವುದು ಸುಮಿಂತ್ರಾ ಕೆಲಸ. ಬಿಸ್ಕತ್ತು ಕಾರ್ಖಾನೆ, ಕಟ್ಟಡ ಕೆಲಸ, ಅಂಗಡಿ, ಲಾಂಡ್ರಿ: ಎಲ್ಲ ಕಡೆಯೂ ಅವರದು ಒಂದೇ ಪ್ರಶ್ನೆ, ಸಂಬಳ ಎಷ್ಟು? ಟ್ರಿನಿಡಾಡಿನ ಕೆಲಸಗಾರರ ವಾರದ ಸರಾಸರಿ ಸಂಪಾದನೆ ಎಷ್ಟು, ಹೋದ ವರ್ಷಕ್ಕಿಂತ ಎಷ್ಟು ಏರಿತು ಎಂದು ರೇಡಿಯೋ ಹೇಳುವ ಅಂಕಿ ಹುಟ್ಟುವುದು ಇಂಥವರ ಚಪ್ಪಲಿ ಸವೆದು. ಅವರದೇ ಕೂಲಿ ಫಾರಮಿಗಿಷ್ಟು ಎಂದು. ಏಳು ವರ್ಷದಿಂದ ಒಂದು ಡಾಲರೂ ಏರಿಲ್ಲ. "ನನ್ನನ್ನ ಯಾವ ಉದ್ಯಮಕ್ಕೆ ಸೇರಿಸ್ತಾರೋ, ನಂಗೇ ಗೊತ್ತಿಲ್ಲ" ಎಂದು ನಗುತ್ತಾರೆ.

ಎಂಟು ವರ್ಷದ ಹಿಂದಿನ ಮಾತು ಬಂದರೆ ಮಾತ್ರ ಆ ನಗು ಇಂಗುತ್ತದೆ. ಹೋಟೆಲುಗಳ ಹಾಸು ಹೊದಿಕೆ ಒಗೆಯುವ ಒಂದು ಲಾಂಡ್ರಿಯಲ್ಲಿ ಮಾಲೀಕ ಪುಸ್ತಕ ತೆರೆದು ತೋರಿಸಿದ್ದ: ವಾರಕ್ಕೆ ಐದು ದಿನ ಕೆಲಸ, ಒಂಬೈನೂರು ಡಾಲರ್. ಇಸ್ತ್ರಿ ಮಾಡುತ್ತಿದ್ದ ವೆಲ್ಮಾ ಗೇಟಿನವರೆಗೆ ಓಡಿಬಂದಳು.

"ಮಿಸ್, ಅದೆಲ್ಲ ಸುಳ್ಳು. ನಮ್ಗೆ ಕೆಲಸ ಕೊಡೋದೇ ಮೂರು ದಿನ!"

"ಪುಸ್ತಕದಲ್ಲಿರೋದನ್ನ ಬರ್ಕೊಳ್ಳೋದಷ್ಟೇ ನನ್ನ ಕೆಲಸ ಕಣಮ್ಮ" ಎಂದು ಸುಮಿಂತ್ರಾ ಟ್ಯಾಕ್ಸಿ ಹತ್ತಿದರು.

ಆ ವರ್ಷದ ಲೆಕ್ಕದಲ್ಲಿ ಲಾಂಡ್ರಿಗಳ ಸಂಬಳ ಶೇಕಡಾ ನಾಲ್ಕು ಏರಿತು. ಮಾಲೀಕ ಪತ್ರಿಕೆಯಲ್ಲಿ ಬಂದ ಆ ಸುದ್ದಿಯನ್ನು ಕತ್ತರಿಸಿ ಗೋಡೆಗೆ ಅಂಟಿಸಿದ. ಕೆಲಸದ ಹೆಂಗಸರು ಹೆಚ್ಚು ಸಂಬಳ ಕೇಳಿದಾಗಲೆಲ್ಲ ಅದರತ್ತ ಬೆರಳು ತೋರಿಸಿದ. ಮತ್ತೆ ಹೋದಾಗ ವೆಲ್ಮಾ ಜಗಳವಾಡಲಿಲ್ಲ. "ಆ ನಂಬರು ನಿಮ್ದೇನಾ, ಮಿಸ್?" ಎಂದಷ್ಟೇ ಕೇಳಿದಳು. ಮರುವರ್ಷ ಅವಳ ಇಸ್ತ್ರಿ ಮೇಜಿನ ಮುಂದೆ ಬೇರೊಬ್ಬಳು ನಿಂತಿದ್ದಳು.

"ನಾನು ಸುಳ್ಳು ಬರೀಲಿಲ್ಲ. ಆದ್ರೆ ಸುಳ್ಳನ್ನ ದುಂಡಗೆ ಬರ್ದೆ" ಎನ್ನುತ್ತಾರೆ ಸುಮಿಂತ್ರಾ.

ಅಂದಿನಿಂದ ಕೆಲಸಗಾರರನ್ನೂ ಗೇಟಿನಾಚೆ ಮಾತಾಡಿಸುತ್ತಾರೆ; ಅವರು ಹೇಳಿದ್ದನ್ನು ಫಾರಮಿನ ಕೊನೆಯ ಶರಾ ಕಾಲಂನಲ್ಲಿ ಬರೆಯುತ್ತಾರೆ. "ಕಥೆ ಬರೀಬೇಡಮ್ಮ" ಎಂದು ಮೇಲಿನವರು ಗದರಿಸಿದ್ದುಂಟು. ಬರೆಯುವುದು ನಿಂತಿಲ್ಲ.

ವೆಲ್ಮಾಳನ್ನು ಹುಡುಕಿದ್ದೂ ಆಯಿತು. ಅವಳು ಪಕ್ಕದ ಟೊಬಾಗೊ ದ್ವೀಪದ ಕಡೆ ಹೋದಳಂತೆ. ವಿಳಾಸ ಯಾರಿಗೂ ಗೊತ್ತಿಲ್ಲ.

ಹತ್ತೊಂಬತ್ತು ವರ್ಷದಿಂದ ಮಾಡುತ್ತಿರುವ ಈ ಕೆಲಸ ಮುಂದಿನ ವರ್ಷ ಮುಗಿಯುತ್ತದೆ. ಆಸೆ ಏನಾದರೂ ಉಂಟೇ ಎಂದರೆ ಕಟ್ಟಿನ ಮೇಲಿನ ಫಾರಮಿನ ಶರಾ ಕಾಲಂ ತೋರಿಸುತ್ತಾರೆ.

"ಆಫೀಸಿಂದ ಯಾರಾದ್ರೂ ಒಂದ್ಸಲ ಫೋನ್ ಮಾಡಿ, 'ಸುಮಿಂತ್ರಾ, ಈ ಶರಾ ನಿಜವೇನಮ್ಮ?' ಅಂತ ಕೇಳ್ಬೇಕು. ಹೂಂ ಅಂತೀನಿ. ಅಷ್ಟು ಸಾಕು."