ಮಾರ್ಲಿಸಳ ಡಬ್ಬಿ, ನನ್ನ ಒಂಬತ್ತು ಕಲ್ಲು

ಮಾರ್ಲಿಸ್ ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು. ಏನು ಮಾಡಲಿ, ಆಕೆ ಒಳ್ಳೆಯವಳು. ಉತ್ತರ ಡಕೋಟಾದ ಹಿಮದಲ್ಲಿ ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದ ಹೆಂಗಸು. ನಿವೃತ್ತಿಯಾದ ಮೇಲೆ ಪ್ರತಿ ನವೆಂಬರಿನಲ್ಲಿ ಹಳೆಯ ಟ್ರೇಲರನ್ನು ಗಾಡಿಯ ಹಿಂದೆ ಕಟ್ಟಿಕೊಂಡು ಒಬ್ಬಳೇ ಅರಿಜೋನಾದ ಮರುಭೂಮಿಗೆ ಇಳಿಯುತ್ತಾಳೆ. ನಾನು ಮತ್ತು ನನ್ನ ಗಂಡ ಹಾರ್ಲನ್ ಕೂಡ ಮಿನೆಸೋಟಾದ ಚಳಿಗೆ ಬೆನ್ನು ಹಾಕಿ ಬಂದವರೇ. ಟ್ರೇಲರುಗಳ ಆ ಬಿಡಾರದಲ್ಲಿ ಹದಿನಾಲ್ಕನೆಯ ಅಂಗಳ ನಮ್ಮದು, ಹದಿನೈದನೆಯದು ಅವಳದು. ನಡುವೆ ಒಂಬತ್ತು ಕಲ್ಲುಗಳ ಸಾಲು.

ಬಟ್ಟೆ ಒಗೆಯುವ ಕೋಣೆಯ ಗೋಡೆಗೆ ಒಂದು ಹಲಗೆ ಇದೆ. ಅವರವರ ಅಂಗಳಕ್ಕೆ ಬಂದ ಹಕ್ಕಿಯ ಚಿತ್ರ ತೆಗೆದು ಅಲ್ಲಿ ಚುಚ್ಚಬೇಕು. ಕ್ಯಾಮೆರಾ ಹಿಡಿದವರೂ ಹಕ್ಕಿಯೂ ಅದೇ ಅಂಗಳದ ಕಲ್ಲುಗಳ ಒಳಗಿರಬೇಕು. ಗೆರೆಯಾಚೆಯ ಹಕ್ಕಿ ಮೂಗಿನ ಮುಂದಿದ್ದರೂ ಲೆಕ್ಕಕ್ಕಿಲ್ಲ. ಅವಳ ಹೆಸರಿನಲ್ಲಿ ಅರವತ್ತೊಂದು ಬಗೆಯ ಹಕ್ಕಿ, ನನ್ನದರಲ್ಲಿ ನಲವತ್ತಮೂರು.

ನನ್ನಲ್ಲಿ ಮೊಳದುದ್ದದ ಲೆನ್ಸು ಇದೆ. ಕಾಳಿನ ಮೂರು ಬುಟ್ಟಿ ತೂಗುಹಾಕಿದ್ದೇನೆ, ದಿನಾ ಕಿತ್ತಳೆ ಹೋಳು ಇಡುತ್ತೇನೆ. ಅವಳ ಹತ್ತಿರ ಇರುವುದು ಒಂದು ಕಾಫಿ ಡಬ್ಬಿ. ತಳಕ್ಕೆ ಮೊಳೆಯಿಂದ ತೂತು ಹೊಡೆದು, ನೀರು ತುಂಬಿ, ಮರದ ಕೊಂಬೆಗೆ ಕಟ್ಟಿದ್ದಾಳೆ. ಕೆಳಗಿನ ತಟ್ಟೆಗೆ ಟಪ್ ಟಪ್ ಎಂದು ಹನಿ ಬಿದ್ದರೆ ಸಾಕು, ಮರುಭೂಮಿಯ ಹಕ್ಕಿಗಳೆಲ್ಲ ಅಲ್ಲೇ. ನಾನೂ ಒಂದು ಡಬ್ಬಿ ಕಟ್ಟಿದೆ. ನನ್ನದಕ್ಕೆ ಜೇನುನೊಣ ಬಂದವು. ಸಾಲದ್ದಕ್ಕೆ ಹಾರ್ಲನ್ ಬೆಳಗ್ಗೆ ಅವಳಲ್ಲಿಗೆ ಕಾಫಿಗೆ ಹೋಗಿ, "ಇವತ್ತೇನ್ ಹಕ್ಕಿ ಅಂತೀಯಾ!" ಎನ್ನುತ್ತಾ ಬರುತ್ತಿದ್ದ. ನನ್ನ ಹೊಟ್ಟೆ ಉರಿದು ಹೋಗುತ್ತಿತ್ತು.

ಜನವರಿಯಲ್ಲಿ ಮೆಕ್ಸಿಕೋ ಕಡೆಯಿಂದ ದಾರಿ ತಪ್ಪಿ ಕೆಂಪು ಬೆನ್ನಿನ ರಾಬಿನ್ ಒಂದು ಬಂತು. ಬಿಡಾರದಲ್ಲಿ ಹಿಂದೆ ಯಾರೂ ಕಾಣದ ಹಕ್ಕಿ. ಬಂದದ್ದು ಅವಳ ಡಬ್ಬಿಗೇ. ಎಂಟು ವಾರವಾದರೂ ಹಲಗೆಗೆ ಮಾತ್ರ ಅದರ ಚಿತ್ರ ಬರಲಿಲ್ಲ. ಸೊಕ್ಕು, ಊರಿಗೆ ಹೊರಡುವ ಕೊನೆಯ ವಾರ ಎಲ್ಲರ ಬಾಯಿ ಮುಚ್ಚಿಸಲು ಇಟ್ಟುಕೊಂಡಿದ್ದಾಳೆ ಅಂದುಕೊಂಡೆ. ಅದಕ್ಕೆ ಮೊದಲು ನನ್ನ ಚಿತ್ರ ಅಲ್ಲಿರಬೇಕು. ಬೇರೆ ಯಾವ ಆಸೆಯೂ ನನಗೆ ಉಳಿದಿರಲಿಲ್ಲ.

ಒಂದು ಮಂಗಳವಾರ ಮಾರ್ಲಿಸ್ ಹಲ್ಲು ಕೀಳಿಸಲು ಗಡಿ ದಾಟಿ ಮೆಕ್ಸಿಕೋಗೆ ಹೋದಳು. ಅಲ್ಲಿ ಅಗ್ಗ ಅಂತ ನಾವೆಲ್ಲ ಹೋಗುತ್ತೇವೆ. ಅವಳ ಗಾಡಿಯ ಧೂಳು ಇಳಿಯುವ ಮೊದಲೇ ನಾನು ಕಲ್ಲು ಎತ್ತತೊಡಗಿದೆ. ಮೂರು ಹೆಜ್ಜೆ ಸರಿಸಿದರೆ ಮರವೂ ಡಬ್ಬಿಯೂ ನನ್ನ ಅಂಗಳದಲ್ಲಿ.

"ಏನೇ ಮಾಡ್ತಿದ್ದೀಯಾ?" ಎಂದ ಹಾರ್ಲನ್.

"ಕಲ್ಲಿನಡಿ ಚೇಳಿದೆಯೇನೋ ಅಂತ ನೋಡ್ತಿದ್ದೀನಿ."

"ಒಂಬತ್ತು ಕಲ್ಲಿಗೂ?"

ಹಕ್ಕಿ ಬಂತು. ಅಷ್ಟು ಒಳ್ಳೆಯ ಚಿತ್ರ ನಾನು ಹಿಂದೆ ತೆಗೆದಿಲ್ಲ, ಇನ್ನು ತೆಗೆಯುವುದೂ ಇಲ್ಲ. ಸಂಜೆಯೊಳಗೆ ಅಚ್ಚು ಹಾಕಿಸಿ ಚುಚ್ಚಿದೆ.

ಮಾರ್ಲಿಸ್ ಊದಿದ ಕೆನ್ನೆ ಹಿಡಿದುಕೊಂಡೇ ಬಂದು ನೋಡಿದಳು. "ಚೆನ್ನಾಗಿ ಬಂದಿದೆ ಕಣೇ ಐಡೆಲ್ಲಾ. ಕೊಕ್ಕಿನ ಹಳದಿ ನೋಡು!"

"ನಮ್ಮ ಕಲ್ಲಿನ ಒಳಗೇ ಕೂತಿತ್ತು," ಎಂದೆ. ಯಾರೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನಗೆ ಹಾಗೆ ಅನ್ನುವವರೂ ಬೇಕಾಗಲಿಲ್ಲ.

ಮರುದಿನ ಬೆಳಗ್ಗೆ ನೀರಿನ ಕ್ಯಾನು ಹಿಡಿದು ಅವಳು ಕಲ್ಲುಗಳ ಆಚೆ ನಿಂತಿದ್ದಳು. "ಒಳಗೆ ಬರ್ಲಾ? ಡಬ್ಬಿಗೆ ನೀರು ಹಾಕ್ಬೇಕಿತ್ತು."

"ಅದಕ್ಕೇನ್ ಕೇಳೋದು!"

"ನಿನ್ನ ಅಂಗಳ ಅಲ್ವಾ."

ದನಿಯಲ್ಲಿ ಕೊಂಕು ಇದ್ದಿದ್ದರೆ ಜಗಳವಾಡಬಹುದಿತ್ತು. ಮಾರನೆಯ ದಿನವೂ ಕೇಳಿಯೇ ಬಂದಳು. ನಾನು, "ನಿನ್ನ ಚಿತ್ರ ಯಾವಾಗ ಹಾಕ್ತೀಯಾ?" ಎಂದೆ.

"ನಂದೆಲ್ಲಿ ಬಂತು ಮಾರಾಯ್ತಿ! ಎಂಟು ವಾರ ಕೂತೆ, ಒಂದೂ ಸರಿ ಬರ್ಲಿಲ್ಲ. ಎಲ್ಲಾ ಮಸಕು. ಈಗ ಗೆರೆ ಆಚೆ ಹೋಯ್ತಲ್ಲ, ಬಿಡು."

ಆ ದಿನ ನನಗೆ ಊಟ ಇಳಿಯಲಿಲ್ಲ. ಹಾರ್ಲನ್ ತಟ್ಟೆ ನೋಡುತ್ತಲೇ, "ಚೇಳು ಸಿಕ್ತಾ?" ಎಂದ.

ಶುಕ್ರವಾರ ಬೆಳಗ್ಗೆ ಎಲ್ಲರೂ ಹೊರಗೆ ಕಾಫಿ ಕುಡಿಯುತ್ತಿರುವಾಗಲೇ ಹೋಗಿ ಚಿತ್ರ ಕಿತ್ತೆ. ಬಂದು ಕಲ್ಲುಗಳನ್ನು ಹಳೆಯ ಜಾಗಕ್ಕೆ ಹೊತ್ತೆ. ಮಾರ್ಲಿಸ್ ತನ್ನ ಕುರ್ಚಿಯನ್ನು ಮರದ ಕಡೆ ತಿರುಗಿಸಿಕೊಂಡಳು. ಕೊನೆಯ ಕಲ್ಲನ್ನು ಎತ್ತಿದ್ದೆ, ಅಷ್ಟರಲ್ಲಿ ಅವಳ ಕ್ಯಾಮೆರಾ ಕ್ಲಿಕ್ ಎಂದಿತು.

ಆ ಚಿತ್ರ ಈಗ ಹಲಗೆಯಲ್ಲಿದೆ. ಮುಂದುಗಡೆ ಹಕ್ಕಿ, ಮಸಕಾದ ಒಂದು ಕೆಂಚು ಮುದ್ದೆ. ಹಿಂದೆ, ಮುಖದ ಸುಕ್ಕು ಎಣಿಸುವಷ್ಟು ಸ್ಪಷ್ಟವಾಗಿ, ಎದೆಗೆ ಕಲ್ಲು ಅವಚಿಕೊಂಡು ನಾನು. ಬಟ್ಟೆ ಒಗೆಯಲು ಬಂದವರೆಲ್ಲ ನಿಂತು ನೋಡಿ ನಗುತ್ತಾರೆ.

"ಅದೊಂದೇ ಕಣೇ ಸ್ವಲ್ಪ ಬಂದಿದ್ದು," ಎಂದಿದ್ದಳು ಚುಚ್ಚುವ ಮೊದಲು. "ಹಾಕ್ಲಾ?"

"ಹಾಕು," ಎಂದೆ.

ಅವಳದು ಅರವತ್ತೆರಡಾಯಿತು. ನಾನು ತೆಗೆದ ಚಿತ್ರ ಚಮಚಗಳ ಡ್ರಾಯರಿನಲ್ಲಿದೆ. ಅವಳದಕ್ಕಿಂತ ನೂರು ಪಾಲು ಚೆನ್ನಾಗಿದೆ, ಯಾರಿಗೂ ತೋರಿಸುವ ಹಾಗಿಲ್ಲ.